ಹಾಸನ, ಚಿಕ್ಕಮಗಳೂರಿನಿಂದ ಕೊಲಂಬೊಗೆ: ದೂರ ಎಷ್ಟು, ಹೊತ್ತು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು ವಿಮಾನ ನಿಲ್ದಾಣದಿಂದ ಕೊಲಂಬೊ ವಿಮಾನ ನಿಲ್ದಾಣಕ್ಕೆ ದೂರ ಎಷ್ಟು?

ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ ಕಟುನಾಯಕದ ಬಂಡಾರನಾಯಕೆ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 707 ಕಿ.ಮೀ. ವೈಮಾನಿಕರ ಲೆಕ್ಕದಲ್ಲಿ 382 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.). ಬೆಂಗಳೂರಿನಿಂದ ಮುಂಬೈಗೆ 830 ಕಿ.ಮೀ. ಚಿಲ್ಲರೆ, ದೆಹಲಿಗೆ ಸುಮಾರು 1,700 ಕಿ.ಮೀ. ಪರದೇಶವಾದರೂ ಕೊಲಂಬೊ ನಮಗೆ ಮುಂಬೈಗಿಂತ ಹತ್ತಿರ.

ನಮ್ಮ ಊರುಗಳಿಂದಲೇ ಗೆರೆ ಎಳೆದರೆ ಹಾಸನದಿಂದ ಕಟುನಾಯಕಕ್ಕೆ ಸುಮಾರು 766 ಕಿ.ಮೀ., ಚಿಕ್ಕಮಗಳೂರಿನಿಂದ ಸುಮಾರು 814 ಕಿ.ಮೀ. ಹಕ್ಕಿಗೆ ಇದು ಉಪಯೋಗಕ್ಕೆ ಬಂದೀತು. ನಾವು ಮೊದಲು ಪೂರ್ವಕ್ಕೆ ದೇವನಹಳ್ಳಿಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಬೇಕು.

ಒಂದೊಂದು ಕಡೆ ಒಂದೊಂದು ಅಂಕಿ ತೋರಿಸುತ್ತದೆ. ನಾವೇ ಲೆಕ್ಕ ಹಾಕಬಹುದೇ?

ಹಾಕಬಹುದು, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ದೇವನಹಳ್ಳಿ ನಿಲ್ದಾಣ ಉತ್ತರ ಅಕ್ಷಾಂಶ 13.20, ಪೂರ್ವ ರೇಖಾಂಶ 77.71 ಡಿಗ್ರಿಯಲ್ಲಿದೆ. ಕಟುನಾಯಕ 7.18 ಮತ್ತು 79.88. ಅಕ್ಷಾಂಶದ ವ್ಯತ್ಯಾಸ 6.02 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದರೆ 668 ಕಿ.ಮೀ. ದಕ್ಷಿಣಕ್ಕೆ. ರೇಖಾಂಶದ ವ್ಯತ್ಯಾಸ 2.17 ಡಿಗ್ರಿ. ಸಮಭಾಜಕದಿಂದ ದೂರ ಹೋದಷ್ಟೂ ರೇಖಾಂಶಗಳು ಒತ್ತೊತ್ತಾಗುವುದರಿಂದ ಇದನ್ನು 111ರಿಂದ ಗುಣಿಸಿ, ಮತ್ತೆ 0.98ರಿಂದ ಗುಣಿಸಬೇಕು (ನಡುವಿನ ಅಕ್ಷಾಂಶವಾದ ಹತ್ತು ಡಿಗ್ರಿಯ ಕೊಸೈನ್ ಅಷ್ಟು). ಸಿಗುವುದು 236 ಕಿ.ಮೀ. ಪೂರ್ವಕ್ಕೆ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 708 ಚಿಲ್ಲರೆ. ಹೈಸ್ಕೂಲಿನ ಪೈಥಾಗೊರಸ್ ಇಷ್ಟು ಕಡಿಮೆ ದೂರಕ್ಕೆ ಒಂದೆರಡು ಕಿಲೋಮೀಟರಿನ ತಪ್ಪಿನೊಳಗೆ ಉತ್ತರ ಕೊಡುತ್ತದೆ.

ಅಂಕಿಗಳು ಬೇರೆಬೇರೆ ಬರಲು ಕಾರಣವಿದೆ. ಕೆಲವು ತಾಣಗಳು ಊರಿನಿಂದ ಊರಿಗೆ ಅಳೆಯುತ್ತವೆ, ಆಗ 713 ಕಿ.ಮೀ. ಆಸುಪಾಸು ಬರುತ್ತದೆ. ಕೆಲವು ಮೈಲಿಯಲ್ಲಿ ಹೇಳುತ್ತವೆ: 439. ನಾಟಿಕಲ್ ಮೈಲಿಯ 382ನ್ನು ಸಾದಾ ಮೈಲಿ ಎಂದುಕೊಂಡು ಕಿಲೋಮೀಟರಿಗೆ ಇಳಿಸಿದವರಿಗೆ 615 ಬರುತ್ತದೆ. ಅದು ತಪ್ಪು ಲೆಕ್ಕ. ಇನ್ನು ವಿಮಾನವಂತೂ ಗೆರೆ ಎಳೆದ ಹಾಗೆ ಹಾರುವುದಿಲ್ಲ. ಗೊತ್ತುಪಡಿಸಿದ ವಾಯುಮಾರ್ಗ ಹಿಡಿದು, ಏರುವಾಗ ಇಳಿಯುವಾಗ ಸುತ್ತು ಹಾಕಿ ಹೋಗುವುದರಿಂದ ನಿಜವಾಗಿ ಹಾರಿದ ದೂರ ಯಾವಾಗಲೂ 707ಕ್ಕಿಂತ ಹೆಚ್ಚೇ ಇರುತ್ತದೆ.

ಟಿಕೆಟ್‌ನಲ್ಲಿ ಒಂದೂವರೆ ಗಂಟೆ ಎಂದಿದೆ. 700 ಕಿ.ಮೀ.ಗೆ ಅಷ್ಟು ಬೇಕೇ?

ಗಾಳಿಯಲ್ಲಿ ಇರುವುದು ಒಂದು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಹತ್ತು ನಿಮಿಷ. ಟಿಕೆಟ್‌ನಲ್ಲಿ ಬರೆಯುವುದು ಗಾಲಿಯ ತಡೆ ತೆಗೆದ ಹೊತ್ತಿನಿಂದ ಮತ್ತೆ ತಡೆ ಇಡುವ ಹೊತ್ತಿನವರೆಗಿನ ಲೆಕ್ಕ. ದೇವನಹಳ್ಳಿಯಲ್ಲಿ ಟರ್ಮಿನಲ್‌ನಿಂದ ರನ್‌ವೇ ತುದಿಗೆ ಉರುಳಿಕೊಂಡು ಹೋಗಿ ಸರದಿಯಲ್ಲಿ ನಿಲ್ಲಲು 15ರಿಂದ 20 ನಿಮಿಷ ಹಿಡಿಯುತ್ತದೆ. ಕಟುನಾಯಕದಲ್ಲಿ ಇಳಿದ ಮೇಲೆ ಐದು ಹತ್ತು ನಿಮಿಷ. ಇದರ ಮೇಲೆ ತಡವಾದರೂ ‘ಸಮಯಕ್ಕೆ ಬಂತು’ ಎನ್ನಿಸಿಕೊಳ್ಳಲು ಕಂಪನಿಗಳು ಸ್ವಲ್ಪ ಹೊತ್ತು ಸೇರಿಸಿಯೇ ವೇಳಾಪಟ್ಟಿ ಮಾಡುತ್ತವೆ. ಅದಕ್ಕೇ ಅರ್ಧ ಗಂಟೆ ತಡವಾಗಿ ಹೊರಟ ವಿಮಾನವೂ ಹತ್ತೇ ನಿಮಿಷ ತಡವಾಗಿ ತಲುಪುವುದುಂಟು.

ಹಾರಾಟದ ಒಳಗಿನ ಲೆಕ್ಕ ಇನ್ನೂ ಸ್ವಾರಸ್ಯ. ಜೆಟ್ ವಿಮಾನ 35,000 ಅಡಿಗೆ ಏರಲು 20 ನಿಮಿಷ ಬೇಕು, ಅಷ್ಟರಲ್ಲಿ ನೂರು ನಾಟಿಕಲ್ ಮೈಲಿ ಮೀರಿ ಸಾಗಿರುತ್ತದೆ. ಇಳಿಯಲು ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ ಎಂಬುದು ವಾಡಿಕೆಯ ಅಳತೆ. 35,000 ಅಡಿಗೆ 105, ವೇಗ ತಗ್ಗಿಸಲು ಮತ್ತಷ್ಟು, ಒಟ್ಟು 120ರ ಸುಮಾರು. ಉಳಿಯುವುದು 150 ನಾಟಿಕಲ್ ಮೈಲಿ, ಅಂದರೆ ಸಮತಟ್ಟಾಗಿ ಪೂರ್ತಿ ವೇಗದಲ್ಲಿ ಹಾರುವುದು 20 ನಿಮಿಷ ಮಾತ್ರ. ಹಾಗಾಗಿ ‘ಗಂಟೆಗೆ 850 ಕಿ.ಮೀ. ವೇಗ, 707ನ್ನು ಭಾಗಿಸಿದರೆ 50 ನಿಮಿಷ’ ಎಂಬ ಲೆಕ್ಕ ಇಲ್ಲಿ ಹೊಂದುವುದಿಲ್ಲ. ದೂರ ಕಡಿಮೆಯಾದಷ್ಟೂ ಏರಿಳಿತದ ಪಾಲು ಜಾಸ್ತಿ. ಗಗನಸಖಿಯರು ಗಾಡಿ ತಳ್ಳಿಕೊಂಡು ಅವಸರ ಮಾಡುವುದೂ ಇದಕ್ಕೇ. ಊಟ ಬುಕ್ ಮಾಡಿದ್ದರೆ ಸಿಕ್ಕ ಕೂಡಲೇ ತಿಂದು ಮುಗಿಸಿ.

ಹೋಗುವಾಗಿನ ಹೊತ್ತಿಗೂ ಬರುವಾಗಿನ ಹೊತ್ತಿಗೂ ವ್ಯತ್ಯಾಸ ಯಾಕೆ?

ದುಬೈ ಕಡೆಯಿಂದ ಬರುವವರಿಗೆ ಗಾಳಿಯ ಆಟ ಚೆನ್ನಾಗಿ ಗೊತ್ತು. ಕೊಲಂಬೊ ದಾರಿಯಲ್ಲಿ ಅದು ಅಷ್ಟಿಲ್ಲ. ಮೇಲಿನ ಗಾಳಿ ಹೆಚ್ಚಾಗಿ ಪೂರ್ವ–ಪಶ್ಚಿಮವಾಗಿ ಬೀಸುತ್ತದೆ, ನಮ್ಮ ದಾರಿ ಉತ್ತರ–ದಕ್ಷಿಣ. ಗಾಳಿ ಪಕ್ಕಕ್ಕೆ ತಾಗುತ್ತದೆ, ಹಿಂದಕ್ಕೆ ತಳ್ಳುವುದು ಕಡಿಮೆ.

ವ್ಯತ್ಯಾಸ ಬರುವುದು ರನ್‌ವೇಯಿಂದ. ಕಟುನಾಯಕದ ರನ್‌ವೇ ಈಶಾನ್ಯ–ನೈರುತ್ಯಕ್ಕೆ ಚಾಚಿದೆ, ಉದ್ದ 3,350 ಮೀಟರ್. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಮುಂಗಾರಿನಲ್ಲಿ ಗಾಳಿ ನೈರುತ್ಯದಿಂದ ಬರುವಾಗ ಈಶಾನ್ಯದ ಕಡೆಯಿಂದ ಇಳಿಸುತ್ತಾರೆ, ಉತ್ತರದಿಂದ ಬರುವ ನಮಗೆ ಅದು ಹತ್ತಿರದ ತುದಿ. ಡಿಸೆಂಬರ್–ಫೆಬ್ರುವರಿಯಲ್ಲಿ ಗಾಳಿ ಈಶಾನ್ಯಕ್ಕೆ ತಿರುಗಿದರೆ ನಿಲ್ದಾಣ ದಾಟಿ ದಕ್ಷಿಣಕ್ಕೆ ಹೋಗಿ, ಸಮುದ್ರದ ಕಡೆಯಿಂದ ತಿರುಗಿ ಬಂದು ಇಳಿಯಬೇಕಾಗಬಹುದು. ಸುಮಾರು ಹತ್ತು ನಿಮಿಷ ಅಲ್ಲಿ ಹೋಗುತ್ತದೆ. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮ. ಯಾವ ಕಡೆಗೆ ಹಾರಿದರೂ ದಕ್ಷಿಣಕ್ಕೆ ತಿರುಗಲೇಬೇಕು.

ಎತ್ತರದಲ್ಲೂ ನಿಯಮವಿದೆ. ಪೂರ್ವದ ಕಡೆಗಿನ ದಿಕ್ಕಿಗೆ ಬೆಸ ಸಾವಿರ ಅಡಿ, ಪಶ್ಚಿಮದ ಕಡೆಗಿನದಕ್ಕೆ ಸಮ. ಕೊಲಂಬೊಗೆ ಹೋಗುವ ದಿಕ್ಕು ಸುಮಾರು 160 ಡಿಗ್ರಿ, ಆದ್ದರಿಂದ 33,000, 35,000 ಅಥವಾ 37,000. ಬರುವಾಗ 34,000 ಅಥವಾ 36,000. ಪೈಲಟ್ ಪ್ರಕಟಣೆ ಕೇಳಿದರೆ ತಾಳೆ ನೋಡಿ.

ಕಿಟಕಿ ಸೀಟು ಯಾವ ಕಡೆ ತೆಗೆದುಕೊಳ್ಳಬೇಕು?

ಹೋಗುವಾಗ ಎಡಗಡೆ, ಅಂದರೆ ‘ಎ’ ಸೀಟು. ಬರುವಾಗ ಬಲಗಡೆ, ‘ಎಫ್’. ನೇರ ಗೆರೆ ಸೇಲಂ, ತಿರುಚ್ಚಿಯ ಹತ್ತಿರ ಹಾದು, ತಮಿಳುನಾಡಿನ ಮಧುರೈಯನ್ನು ಬಲಕ್ಕೆ ಬಿಟ್ಟು, ರಾಮನಾಥಪುರದ ಆಚೆ ಕಡಲಿಗೆ ಇಳಿಯುತ್ತದೆ. ದಾರಿ ಸ್ವಲ್ಪ ಆಚೀಚೆ ಆದರೂ ರಾಮೇಶ್ವರ ದ್ವೀಪ, ಧನುಷ್ಕೋಟಿಯ ಮೂತಿ, ಅಲ್ಲಿಂದ ಮನ್ನಾರ್ ಕಡೆಗೆ ಸಾಲಾಗಿ ಬಿದ್ದ ರಾಮಸೇತುವಿನ ಮರಳದಿಣ್ಣೆಗಳು ಪೂರ್ವಕ್ಕೆ ಬರುತ್ತವೆ. ಮೋಡವಿಲ್ಲದ ಹಗಲು ಬೇಕು. ಜನವರಿಯಿಂದ ಮಾರ್ಚ್ ಒಳ್ಳೆಯದು. ಹೊರಟು 35–40 ನಿಮಿಷಕ್ಕೆ ಕಣ್ಣಿಡಿ. ಕರಾವಳಿ ದಾಟಿದ ಸ್ವಲ್ಪ ಹೊತ್ತಿಗೇ ವಿಮಾನ ಇಳಿಯಲು ಶುರು ಮಾಡುತ್ತದೆ, ಆಮೇಲೆ ಮನ್ನಾರ್ ಕೊಲ್ಲಿಯ ನೀರೇ ನೀರು.

ಗಡಿಯಾರ ಬದಲಿಸಬೇಕೇ?

ಬೇಡ. 2006ರ ಏಪ್ರಿಲ್‌ನಿಂದ ಶ್ರೀಲಂಕಾದ ಗಂಟೆಯೂ ನಮ್ಮದೂ ಒಂದೇ, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಅದಕ್ಕೆ ಮುಂಚೆ ಹತ್ತು ವರ್ಷ ಅವರು ಅರ್ಧ ಗಂಟೆಯೋ ಒಂದು ಗಂಟೆಯೋ ಮುಂದಿದ್ದರು, ಹಳೇ ಮಾರ್ಗದರ್ಶಿ ಪುಸ್ತಕಗಳಲ್ಲಿ ಅದೇ ಉಳಿದಿದೆ.

ಬೇರೆ ನೆರೆಯ ದೇಶಗಳ ಟಿಕೆಟ್ ನೋಡುವಾಗ ಎಚ್ಚರ. ಮಾಲೆ (ಬೆಂಗಳೂರಿನಿಂದ ಸುಮಾರು 1,100 ಕಿ.ಮೀ.) ನಮಗಿಂತ ಅರ್ಧ ಗಂಟೆ ಹಿಂದೆ, ಕಠ್ಮಂಡು (ಸುಮಾರು 1,800) ಹದಿನೈದು ನಿಮಿಷ ಮುಂದೆ, ಢಾಕಾ (ಅದೂ ಸುಮಾರು 1,800) ಅರ್ಧ ಗಂಟೆ ಮುಂದೆ. ಟಿಕೆಟ್‌ನಲ್ಲಿ ಆಯಾ ಊರಿನ ಸ್ಥಳೀಯ ಗಂಟೆಯೇ ಇರುವುದರಿಂದ, ಬರೀ ಕಳೆಯುವ ಲೆಕ್ಕ ಮಾಡಿದರೆ ಮಾಲೆ ಹತ್ತಿರವೂ ಢಾಕಾ ದೂರವೂ ಅನ್ನಿಸುತ್ತದೆ.

ಹಾಸನದ ಮನೆಬಾಗಿಲಿನಿಂದ ಕೊಲಂಬೊ ಊರಿನೊಳಕ್ಕೆ ಒಟ್ಟು ಎಷ್ಟು ಹೊತ್ತು?

ಕೇಳಬೇಕಾದ ಪ್ರಶ್ನೆ ಇದು. ಹಾಸನದಿಂದ ದೇವನಹಳ್ಳಿ ನಿಲ್ದಾಣಕ್ಕೆ ಸುಮಾರು 200 ಕಿ.ಮೀ., ಕಾರಿನಲ್ಲಿ 4 ಗಂಟೆ. ದಾರಿಯ ತೊಡಕಿಗೆ ಮೀಸಲು 1 ಗಂಟೆ. ನಿಲ್ದಾಣದಲ್ಲಿ 3 ಗಂಟೆ. ವಿಮಾನ ಒಂದೂವರೆ. ಅಲ್ಲಿ ವಲಸೆ ತಪಾಸಣೆ, ಲಗೇಜು ಸೇರಿ 1 ಗಂಟೆ. ಕೊಲಂಬೊ ಪಟ್ಟಣಕ್ಕೆ ಮುಕ್ಕಾಲು ಗಂಟೆ. ಕೂಡಿಸಿದರೆ ಹನ್ನೊಂದು ಕಾಲು ಗಂಟೆ. ಚಿಕ್ಕಮಗಳೂರಿನಿಂದಾದರೆ ಸುಮಾರು 260 ಕಿ.ಮೀ., ಐದರಿಂದ ಐದೂವರೆ ಗಂಟೆಯ ದಾರಿ, ಒಟ್ಟು ಹನ್ನೆರಡೂವರೆ ಗಂಟೆ. ಸಕಲೇಶಪುರದವರು ಹಾಸನದ ಲೆಕ್ಕಕ್ಕೆ ಮುಕ್ಕಾಲು ಗಂಟೆ ಸೇರಿಸಿಕೊಳ್ಳಲಿ, ಮೂಡಿಗೆರೆಯವರು ಒಂದೂಕಾಲು ಗಂಟೆ. ಹಾರುವುದು ಒಂದು ಗಂಟೆ, ಅದಕ್ಕೆ ಒಂದು ದಿನ.

ಅದಕ್ಕೇ ವಿಮಾನ ಆರಿಸುವಾಗ ಇಪ್ಪತ್ತು ನಿಮಿಷದ ವ್ಯತ್ಯಾಸ, ಇನ್ನೂರು ರೂಪಾಯಿಯ ಉಳಿತಾಯ ನೋಡಬೇಡಿ, ಮನೆ ಬಿಡುವ ಹೊತ್ತು ನೋಡಿ. ಬೆಳಿಗ್ಗೆ 10ರ ವಿಮಾನವಾದರೆ 7ಕ್ಕೆ ನಿಲ್ದಾಣದಲ್ಲಿರಬೇಕು, ಹಾಸನವನ್ನು ರಾತ್ರಿ 2ಕ್ಕೆ, ಚಿಕ್ಕಮಗಳೂರನ್ನು 12.30ರ ಹೊತ್ತಿಗೇ ಬಿಡಬೇಕು. ಚಾಲಕನಿಗೆ ನಿದ್ದೆಯಿಲ್ಲದ ದಾರಿ ಅದು. ಮಧ್ಯಾಹ್ನ 3ರ ವಿಮಾನವಾದರೆ ಹಾಸನದಿಂದ ಬೆಳಿಗ್ಗೆ 7ಕ್ಕೆ ಇಡ್ಲಿ ತಿಂದು ಹೊರಟರೆ ಸಾಕು. ಬೆಳಗಿನ ವಿಮಾನವೇ ಆಗಬೇಕೆಂದರೆ ಹಿಂದಿನ ದಿನವೇ ದೇವನಹಳ್ಳಿ ಕಡೆ ರೂಮು ಮಾಡಿ.

ಯಾವ ದಾರಿ ಒಳ್ಳೆಯದು? ಬೆಂಗಳೂರಿನೊಳಗೆ ಹೋಗಲೇಬೇಕೇ?

ಹೋಗದಿರುವುದೇ ಮೇಲು. ಹಾಸನದಿಂದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್ ದಾಟಿ ನೆಲಮಂಗಲ. ಅಲ್ಲಿಂದ ಪೀಣ್ಯ, ಗೊರಗುಂಟೆಪಾಳ್ಯ, ಹೆಬ್ಬಾಳ ಎಂದು ನಗರಕ್ಕೆ ನುಗ್ಗಿದರೆ ಕೊನೆಯ 50 ಕಿ.ಮೀ.ಗೆ ಒಂದೂವರೆ ಗಂಟೆಯೂ ಆಗಬಹುದು, ಎರಡೂವರೆಯೂ ಆಗಬಹುದು. ನೆಲಮಂಗಲದಿಂದ ಮಧುರೆ ಮೇಲೆ ದೊಡ್ಡಬಳ್ಳಾಪುರಕ್ಕೆ ಹೋಗಿ, ದೇವನಹಳ್ಳಿಯ ಕಡೆಯಿಂದ ನಿಲ್ದಾಣಕ್ಕೆ ಇಳಿದರೆ ಹೊತ್ತು ಹೆಚ್ಚು ಕಡಿಮೆ ಗೊತ್ತಿರುವಷ್ಟೇ ಇರುತ್ತದೆ. ವಿಮಾನ ಹಿಡಿಯುವವನಿಗೆ ವೇಗಕ್ಕಿಂತ ಇದು ಮುಖ್ಯ.

ಚಿಕ್ಕಮಗಳೂರಿನವರಿಗೆ ಎರಡು ದಾರಿ. ಬೇಲೂರು, ಹಾಸನ ಮೇಲೆ (ಹಾಸನಕ್ಕೆ 60 ಕಿ.ಮೀ. ಚಿಲ್ಲರೆ), ಇಲ್ಲವೇ ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಮೇಲೆ. ಎರಡನೆಯದು ಹಿಡಿದರೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ಉಪನಗರ ವರ್ತುಲ ರಸ್ತೆಯಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ. ನೆಲಮಂಗಲವನ್ನೂ ಮುಟ್ಟಬೇಕಿಲ್ಲ.

ಹೊತ್ತು ತಪ್ಪುವುದು ಎಲ್ಲಿ? ಭಾನುವಾರ ಸಂಜೆ ಮಲೆನಾಡು ಸುತ್ತಿ ವಾಪಸಾಗುವ ಬೆಂಗಳೂರಿನ ಕಾರುಗಳು ನೆಲಮಂಗಲದ ಹತ್ತಿರ ಸಾಲುಗಟ್ಟುತ್ತವೆ. ಹಾಸನಾಂಬೆಯ ಬಾಗಿಲು ತೆರೆದಿರುವ ದೀಪಾವಳಿಯ ಆಸುಪಾಸಿನ ದಿನಗಳಲ್ಲಿ ಹಾಸನ ಪಟ್ಟಣ ದಾಟಲೇ ಅರ್ಧ ಗಂಟೆ ಬೇಕಾದೀತು, ಬಸ್ಸಿನಲ್ಲಿ ಸೀಟೂ ಸಿಗದು. ಚಳಿಗಾಲದ ಬೆಳಗಿನ ಜಾವ ಮಂಜಿನಲ್ಲಿ 40ರ ವೇಗ ದಾಟುವುದು ಕಷ್ಟ. ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಬಸ್ಸು, ರೈಲಿನಲ್ಲಿ ಹೋಗಬಹುದೇ?

ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ರೈಲು ಮಾರ್ಗ 2017ರಲ್ಲಿ ತೆರೆದ ಮೇಲೆ ಬೆಂಗಳೂರು ಹತ್ತಿರವಾಗಿದೆ. ಆದರೆ ರೈಲು ಬಿಡುವುದು ಯಶವಂತಪುರ ಅಥವಾ ಮೆಜೆಸ್ಟಿಕ್‌ನಲ್ಲಿ, ಮುಂದೆ ಬಿಎಂಟಿಸಿಯ ವಾಯುವಜ್ರ ಬಸ್ಸು ಹಿಡಿಯಬೇಕು. ಕೆಎಸ್‌ಆರ್‌ಟಿಸಿ ಬಸ್ಸಿನದೂ ಅದೇ ಕಥೆ. ಲಗೇಜು ಹೆಚ್ಚಿದ್ದರೆ ನಡುದಾರಿಯಲ್ಲಿ ಇಳಿದು ಬಸ್ಸು ಹುಡುಕುವುದಕ್ಕಿಂತ ಮೆಜೆಸ್ಟಿಕ್‌ವರೆಗೂ ಹೋಗಿ. ಅಲ್ಲಿಂದ ಹೊರಡುವ ಕೆಐಎ–9ರಲ್ಲಿ ಸೀಟೂ ಸಿಗುತ್ತದೆ, ಸೂಟ್‌ಕೇಸಿಗೆ ಜಾಗವೂ ಸಿಗುತ್ತದೆ. ಮೆಜೆಸ್ಟಿಕ್‌ನಿಂದ ನಿಲ್ದಾಣಕ್ಕೆ ಒಂದು ಗಂಟೆ, ಸಂಜೆಯಾದರೆ ಎರಡು.

ಮಂಗಳೂರು ಅಥವಾ ಶಿವಮೊಗ್ಗ ನಿಲ್ದಾಣ ಹತ್ತಿರವಲ್ಲವೇ?

ನಕ್ಷೆಯಲ್ಲಿ ಹತ್ತಿರ. ಬಜ್ಪೆಯಿಂದ ಹೊರದೇಶಕ್ಕೆ ಹೋಗುವ ವಿಮಾನಗಳು ಹೆಚ್ಚಾಗಿ ಕೊಲ್ಲಿ ದೇಶಗಳ ಕಡೆಗೆ, ಕೊಲಂಬೊ ಕಡೆಗಲ್ಲ. ಜೊತೆಗೆ ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ನಂಬಿ ವಿಮಾನ ಹಿಡಿಯಲು ಹೊರಡಬಾರದು, ಗುಡ್ಡ ಜರಿದರೆ ಅಲ್ಲಿಗೆ ಮುಗಿಯಿತು. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ 2023ರ ಆಗಸ್ಟ್ 31ಕ್ಕೆ ಬೆಂಗಳೂರು ವಿಮಾನ ಶುರುವಾಯಿತು. ತರೀಕೆರೆ ಕಡೆಯವರಿಗೆ ಇದು ಅನುಕೂಲ ಅನ್ನಿಸಬಹುದು. ಆದರೆ ದೇಶದೊಳಗಿನ ವಿಮಾನ ನಿಮ್ಮನ್ನು ಟರ್ಮಿನಲ್ 1ರಲ್ಲಿ ಬಿಟ್ಟರೆ, ಲಗೇಜು ತೆಗೆದುಕೊಂಡು ಶಟಲ್ ಬಸ್ಸಿನಲ್ಲಿ ಟರ್ಮಿನಲ್ 2ಕ್ಕೆ ಬರಬೇಕು. 2023ರ ಸೆಪ್ಟೆಂಬರ್‌ನಿಂದ ಹೊರದೇಶದ ವಿಮಾನಗಳೆಲ್ಲ ಟರ್ಮಿನಲ್ 2ರಿಂದ. ಎರಡು ವಿಮಾನಗಳ ನಡುವೆ ಐದು ಗಂಟೆಯಾದರೂ ಇರಲಿ, ಅದರಲ್ಲೂ ಎರಡು ಬೇರೆಬೇರೆ ಟಿಕೆಟ್ ಆಗಿದ್ದರೆ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಆ ಕಂಪನಿ ಹೊಣೆ ಹೊರುವುದಿಲ್ಲ.

ಪಕ್ಕದ ದೇಶ ತಾನೇ, ಮೂರು ಗಂಟೆ ಮೊದಲು ಯಾಕೆ ಹೋಗಬೇಕು?

ದೂರ ಹತ್ತಿರವೋ ದೂರವೋ, ವಲಸೆ ತಪಾಸಣೆಯ ಸಾಲು ಒಂದೇ. ಅಮೆರಿಕಕ್ಕೆ ಹೋಗುವವರ ಹಿಂದೆಯೇ ನೀವೂ ನಿಲ್ಲಬೇಕು. ಚೆಕ್‌–ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ, ಕೆಲವು ಕಂಪನಿಗಳದು 75. ಗೇಟು ಮುಚ್ಚುವುದು 20–25 ನಿಮಿಷ ಮೊದಲು. ದೇಶದೊಳಗಿನ ವಿಮಾನದಂತೆ ಮೊಬೈಲಿನಲ್ಲಿ ಬೋರ್ಡಿಂಗ್ ಪಾಸ್ ತೆಗೆದು ನೇರ ಒಳಗೆ ಹೋಗುತ್ತೇವೆ ಎಂದುಕೊಳ್ಳಬೇಡಿ. ಪಾಸ್‌ಪೋರ್ಟ್, ಪ್ರವೇಶಾನುಮತಿ ನೋಡಲು ಕೌಂಟರ್‌ಗೆ ಕರೆಯಬಹುದು.

ಆಧಾರ್ ಕಾರ್ಡ್ ಸಾಕೇ?

ಸಾಲದು. ನೇಪಾಳ, ಭೂತಾನಕ್ಕೆ ವೋಟರ್ ಐಡಿ ನಡೆಯುತ್ತದೆ. ಶ್ರೀಲಂಕಾಕ್ಕೆ ಪಾಸ್‌ಪೋರ್ಟ್ ಬೇಕೇ ಬೇಕು, ಅದರಲ್ಲಿ ಆರು ತಿಂಗಳಾದರೂ ಅವಧಿ ಉಳಿದಿರಲಿ. ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಇಟಿಎ ಎಂಬ ಪ್ರವೇಶಾನುಮತಿ ಪಡೆಯಬೇಕು, ಪ್ರವಾಸಿಗರಿಗೆ 30 ದಿನದ್ದು. ಶುಲ್ಕದ ನಿಯಮ ಆಗಾಗ ಬದಲಾಗಿದೆ, ಆದ್ದರಿಂದ ಅರ್ಜಿ ಹಾಕುವ ದಿನವೇ ನೋಡಿ. ಹುಡುಕಿದಾಗ ಮೊದಲು ಬರುವುದು ದುಪ್ಪಟ್ಟು ದುಡ್ಡು ಕೀಳುವ ಖಾಸಗಿ ತಾಣಗಳು. ಸರ್ಕಾರದ ತಾಣದ ವಿಳಾಸ ‘ಡಾಟ್ ಗವ್ ಡಾಟ್ ಎಲ್‌ಕೆ’ ಎಂದು ಮುಗಿಯುತ್ತದೆ.

ನಮ್ಮ ಕಡೆಯವರಿಗೆ ಹೆಚ್ಚು ಕಾಡುವುದು ಇನಿಶಿಯಲ್. ಆಧಾರ್‌ನಲ್ಲಿ ‘ಮಂಜುನಾಥ ಎಚ್.ಎಸ್.’, ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದ ಹೆಸರು, ಟಿಕೆಟ್‌ನಲ್ಲಿ ಇನ್ನೊಂದು. ಟಿಕೆಟ್, ಇಟಿಎ ಎರಡನ್ನೂ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡೇ ತುಂಬಿ. ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗ ಖಾಲಿಯಿದ್ದರೆ ಏನು ಬರೆಯಬೇಕೆಂದು ಆಯಾ ವಿಮಾನ ಕಂಪನಿಯ ನಿಯಮ ಓದಿ. ಊಹೆ ಮಾಡಿ ಬರೆದವರೇ ಕೌಂಟರ್‌ನಲ್ಲಿ ಒದ್ದಾಡುವುದು.

ಮುಂಬೈಗಿಂತ ಹತ್ತಿರವಿದ್ದರೂ ಟಿಕೆಟ್ ದುಬಾರಿ ಯಾಕೆ?

ಎರಡು ದೇಶದ ನಿಲ್ದಾಣಗಳ ಶುಲ್ಕ, ತೆರಿಗೆ ಕಿಲೋಮೀಟರ್ ನೋಡಿ ಬೀಳುವುದಿಲ್ಲ. ಜೊತೆಗೆ ಮುಂಬೈಗೆ ದಿನಕ್ಕೆ ಹತ್ತಾರು ವಿಮಾನ, ಕೊಲಂಬೊಗೆ ನೇರವಾಗಿ ಕೆಲವೇ. ಚೆನ್ನೈ ಮೇಲೆ ಹೋಗುವ ಟಿಕೆಟ್ ಅಗ್ಗವಾಗಿ ಕಂಡರೆ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಟುನಾಯಕದಿಂದ ಕೊಲಂಬೊ ಪಟ್ಟಣ ಎಷ್ಟು ದೂರ?

ಕೋಟೆ ಭಾಗಕ್ಕೆ ಸುಮಾರು 32 ಕಿ.ಮೀ. 2013ರಲ್ಲಿ ತೆರೆದ ಎಕ್ಸ್‌ಪ್ರೆಸ್‌ವೇ ಹಿಡಿದರೆ 40–45 ನಿಮಿಷ, 187 ನಂಬರಿನ ಬಸ್ಸೂ ಇದೆ. ರಾತ್ರಿ ಇಳಿಯುವವರಿಗೆ ಕೊಲಂಬೊಗಿಂತ ಪಕ್ಕದ ನೆಗೊಂಬೊದಲ್ಲಿ ತಂಗುವುದು ಸುಲಭ. ಟಿಕೆಟ್ ಮಾಡುವಾಗ ಮತ್ತಲ ನಿಲ್ದಾಣ ಎಂದು ಕಂಡರೆ ತಡೆಯಿರಿ. ಅದು ದಕ್ಷಿಣದ ಹಂಬನ್‌ತೋಟದ ಕಡೆ, ಕೊಲಂಬೊದಿಂದ 200 ಕಿ.ಮೀ.ಗೂ ಆಚೆ.

ನೆಂಟರಿಗೆ ಕಾಫಿಪುಡಿ, ಕೊಬ್ಬರಿ ಒಯ್ಯಬಹುದೇ?

ಕಾಫಿಪುಡಿ ಧಾರಾಳವಾಗಿ. ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ಬಿಚ್ಚಿಸುತ್ತಾರೆ, ದೊಡ್ಡ ಲಗೇಜಿಗೇ ಹಾಕಿ, ಎರಡು ಕವರಿನಲ್ಲಿ ಕಟ್ಟಿ. ಉಪ್ಪಿನಕಾಯಿ, ತುಪ್ಪ ದ್ರವದ ಲೆಕ್ಕ, ಕೈಚೀಲದಲ್ಲಿ 100 ಮಿಲಿ ಮೀರುವ ಹಾಗಿಲ್ಲ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಏಲಕ್ಕಿ, ಮೆಣಸಿನ ಸಸಿ, ಬಳ್ಳಿ ಒಯ್ಯಬೇಡಿ, ಸಸ್ಯ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ.

ಕೊಬ್ಬರಿ ಬೇಡ. ಅರಸೀಕೆರೆ, ತಿಪಟೂರು ಸೀಮೆಯವರಿಗೆ ಇದು ನಂಬಲು ಕಷ್ಟ, ಆದರೆ ಅಂತರರಾಷ್ಟ್ರೀಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯೇ ಇದೆ. ಎಣ್ಣೆಯಂಶ ಹೆಚ್ಚಾದ್ದರಿಂದ ರಾಶಿಯೊಳಗೆ ಕಾವು ಏರಿ ತಾನಾಗಿಯೇ ಹೊತ್ತಿಕೊಳ್ಳಬಲ್ಲ ಪದಾರ್ಥ ಅದು. ಎಕ್ಸ್‌ರೇಯಲ್ಲಿ ಗುಂಡಗೆ ಕಂಡ ಕೂಡಲೇ ಪೆಟ್ಟಿಗೆ ಬಿಚ್ಚಿಸುತ್ತಾರೆ, ಸಾಲಿನಲ್ಲಿ ಇಪ್ಪತ್ತು ನಿಮಿಷ ಹೋಗುತ್ತದೆ. ಶ್ರೀಲಂಕಾದಲ್ಲಿ ತೆಂಗಿಗೆ ಬರವೇನೂ ಇಲ್ಲ.

ಮಂಜು, ಮಳೆಗೆ ವಿಮಾನ ತಡವಾಗುವುದು ಯಾವಾಗ?

ದೇವನಹಳ್ಳಿಯಲ್ಲಿ ನವೆಂಬರ್‌ನಿಂದ ಫೆಬ್ರುವರಿವರೆಗೆ ಬೆಳಗಿನ 4ರಿಂದ 8ರ ನಡುವೆ ಮಂಜು. ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದ ಬಯಲು. ಕೊಲಂಬೊದಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್–ನವೆಂಬರ್ ಮಧ್ಯಾಹ್ನದ ಮೇಲೆ ಗುಡುಗು ಮಳೆ, ವಿಮಾನಗಳು ಸುತ್ತು ಹಾಕುತ್ತಾ ಕಾಯುತ್ತವೆ. ಚಳಿಗಾಲದಲ್ಲಿ 11ರ ನಂತರದ ವಿಮಾನ, ಅಕ್ಟೋಬರ್‌ನಲ್ಲಿ ಮಧ್ಯಾಹ್ನಕ್ಕೆ ಮುಂಚೆ ಇಳಿಯುವ ವಿಮಾನ ಹಿಡಿದರೆ ಕಾಟ ಕಡಿಮೆ. ವಾಪಸು ಬರುವಾಗ ರಾತ್ರಿ 10ರ ಮೇಲೆ ದೇವನಹಳ್ಳಿಯಲ್ಲಿ ಇಳಿಯುವಂತಿದ್ದರೆ ಊರಿನಿಂದ ಕಾರು ಕರೆಸುವುದಕ್ಕಿಂತ ಮೆಜೆಸ್ಟಿಕ್‌ಗೆ ವಾಯುವಜ್ರದಲ್ಲಿ ಬಂದು, ಹಾಸನದ ರಾತ್ರಿ ಬಸ್ಸು ಹತ್ತುವುದು ಅಗ್ಗ. ಬೆಳಕು ಹರಿಯುವ ಮುಂಚೆ ಊರು ಸಿಗುತ್ತದೆ.